ಹದಿನಾಲ್ಕು ಕಿಲೋವ್ಯಾಟಿನ ಸುಳ್ಳು

ಬಾಗಿಲು ತೆರೆದವನು ನನ್ನನ್ನು ನೋಡಲೇ ಇಲ್ಲ. ನನ್ನ ಹೆಗಲ ಮೇಲಿಂದ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. ಹಿಂದೆ ಗೇಟಿನ ಮೇಲೆ ಮುರಿದು ಬಿದ್ದ ಗುಲ್‌ಮೊಹರ್ ಕೊಂಬೆಯೊಂದಿತ್ತು, ಅಷ್ಟೆ.

ಇಲೆಕ್ಟ್ರಿಷಿಯನ್ ಯಾವಾಗ ಬರುತ್ತಾರೆ ಎಂದು ಮುರುಕು ಮರಾಠಿಯಲ್ಲಿ ಕೇಳಿದ. ಬಂದಾಗಿದೆ ಎಂದು ನಾನೂ ಮರಾಠಿಯಲ್ಲೇ ಹೇಳಿ ಟೆಸ್ಟರ್ ತೋರಿಸಿದೆ.

ಕಿವಿಗೆ ಹಚ್ಚಿಕೊಂಡಿದ್ದ ಫೋನಿನಲ್ಲಿ ಅವನು ಮೆಲ್ಲಗೆ ಕನ್ನಡದಲ್ಲಿ ಹೇಳಿದ: “ಅಮ್ಮಾ, ಯಾವುದೋ ಹುಡುಗಿನ ಕಳಿಸಿದ್ದಾರೆ. ಬೋರ್ಡ್ ಮುಟ್ಟಿ ಶಾಕ್ ಹೊಡೆಸ್ಕೊಂಡ್ರೆ ಏನಪ್ಪಾ ಗತಿ. ಆಮೇಲೆ ಮಾಡ್ತೀನಿ, ಇರು.”

“ನಿಮ್ಮ ಮನ್ಯಾಗ ಕರೆಂಟೇ ಇಲ್ಲ, ಶಾಕ್ ಎಲ್ಲಿಂದ ಹೊಡೀತದ್ರಿ?” ಎಂದೆ.

ಅವನ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಎಡ ಹುಬ್ಬಿನಲ್ಲಿ ಹಳೆಯ ಗಾಯದ ಒಂದು ಗೆರೆ ಇತ್ತು. ನಾಚಿಕೊಂಡಾಗ ಅದೊಂದೇ ಬಿಳಿಯಾಗಿ ಉಳಿಯುತ್ತಿತ್ತು. ಈ ಗೆರೆ ಹೇಗೆ ಬಂತು ಎಂದು ಆಗಲೇ ಕೇಳಬೇಕೆನಿಸಿತು. ಏನು ಮಾಡಲಿ, ನನ್ನದು ಹುಟ್ಟಾ ಕೆದಕುವ ಬುದ್ಧಿ.

ನಾನು ಇಂದೂ. ನನ್ನ ಅಪ್ಪ ಬಾಳಕೃಷ್ಣ ಬೆಳಗಾವಿಯಿಂದ ಪುಣೆಗೆ ಬಂದು, ಬಿಬವೇವಾಡಿಯಲ್ಲಿ ಅಂಗಡಿ ಇಟ್ಟು, ಮೂವತ್ತೆರಡು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದಾರೆ. ಡಿಪ್ಲೊಮಾ ಮುಗಿಸಿ ಹತ್ತು ವರ್ಷ ಅವರ ಕೈಕೆಳಗೆ ದುಡಿದ ಮೇಲೆ, ಈ ಮಾರ್ಚಿನಲ್ಲಿ ನನ್ನ ಹೆಸರಿಗೇ ವಿದ್ಯುತ್ ಗುತ್ತಿಗೆದಾರರ ಲೈಸೆನ್ಸ್ ಬಂತು. ಅಪ್ಪನ ಮೊಣಕಾಲು ಈಗ ಏಣಿಗೆ ಒಪ್ಪುವುದಿಲ್ಲ.

“ಮುಂದಿನ ಮನಿ ನಿಂದು,” ಎಂದಿದ್ದರು ಅಪ್ಪ. “ಲೋಡ್ ಲೆಕ್ಕ ನೀನೇ ತೆಗಿ, ಸಹಿ ನೀನೇ ಹಾಕು. ಅದು ನೆಟ್ಟಗಾತು ಅಂದ್ರ ಅಂಗಡಿ ಬೋರ್ಡ್ ಮ್ಯಾಲ ನಿನ್ನ ಹೆಸರು. ಇಲ್ಲಾಂದ್ರ ಇನ್ನೊಂದು ವರ್ಷ ನನ್ನ ಕೈಕೆಳಗ.”

ಆ ಮುಂದಿನ ಮನೆಯೇ ಇದು. ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು, ಬೀದಿ ಕಂಬದಿಂದ ಬರುವ ಸರ್ವಿಸ್ ವೈರ್ ಮೇಲೆ ಬಿದ್ದು, ಗೋಡೆಯ ಬ್ರಾಕೆಟ್ಟನ್ನೂ ಕಿತ್ತುಕೊಂಡು ಹೋಗಿತ್ತು. ಪೈಪಿನೊಳಗೆ ಇಳಿದ ನೀರು ಮೀಟರ್ ಪೆಟ್ಟಿಗೆ ತುಂಬಿತ್ತು. ಒಳಗಿನ ಹಳೆಯ ಮರದ ಬೋರ್ಡಿನಲ್ಲಿ ನಾಲ್ಕು ಪಿಂಗಾಣಿ ಫ್ಯೂಸುಗಳಿದ್ದವು. ನಾಲ್ಕೂ ಕರ್ರಗೆ ಸುಟ್ಟಿದ್ದವು. ಅರ್ಥಿಂಗ್ ಎಂಬುದು ಆ ಮನೆ ಕಟ್ಟಿದವರಿಗೆ ಗೊತ್ತೇ ಇರಲಿಲ್ಲ.

ಮನೆಯ ಮಾಲೀಕನ ಹೆಸರು ಅಭಿಲಾಷ. ಊರು ಕೊಳ್ಳೇಗಾಲ, ಕೆಲಸ ಪುಣೆಯ ಖರಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಹೋದ ವರ್ಷ ಈ ಹಳೆಯ ರೋ ಹೌಸ್ ಕೊಂಡಾಗ ಎಲ್ಲರೂ ಬೈದರಂತೆ, ಫ್ಲ್ಯಾಟ್ ತೆಗೆದುಕೊಳ್ಳೋ ಎಂದು.

“ಮತ್ತ ಯಾಕ ತೊಗೊಂಡ್ರಿ?”

“ಬಾಗಿಲು ತೆಗೆದ್ರೆ ಮಣ್ಣು ಕಾಣ್ಬೇಕು ಅಂತ ಆಸೆ ಇತ್ತು ಕಣ್ರೀ. ಲಿಫ್ಟ್ ಅಲ್ಲ.”

ಈ ಉತ್ತರ ನನಗೆ ಬಹಳ ಹಿಡಿಸಿತು. ಅಲ್ಲಿಂದಲೇ ನನ್ನ ಅವಾಂತರ ಶುರುವಾಯಿತು.

ಬೋರ್ಡ್ ಬದಲಿಸುವುದೆಂದರೆ ಅಂಗಡಿಯಿಂದ ದೊಡ್ಡ ಪೆಟ್ಟಿಗೆ ತಂದು ಗೋಡೆಗೆ ಬಡಿಯುವುದಲ್ಲ. ಮೊದಲು ಮನೆಯವರನ್ನು ಕೋಣೆ ಕೋಣೆಗೆ ಕರೆದುಕೊಂಡು ಹೋಗಿ ಕೇಳಬೇಕು: ಇಲ್ಲಿ ಏನು ಹಚ್ಚುತ್ತೀರಿ, ಯಾವ ಹೊತ್ತಿಗೆ ಹಚ್ಚುತ್ತೀರಿ, ಹತ್ತು ವರ್ಷದ ಮೇಲೆ ಏನು ಹಚ್ಚುವವರಿದ್ದೀರಿ? ಅದೇ ಲೋಡ್ ಪಟ್ಟಿ. ಅದರ ಮೇಲೆ ವೈರಿನ ದಪ್ಪ, ಲೋಡ್ ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚು ಎಷ್ಟು, ಸಿಂಗಲ್ ಫೇಸೋ ತ್ರೀ ಫೇಸೋ ಎಲ್ಲ ನಿಲ್ಲುತ್ತದೆ. ಕೆದಕುವ ಬುದ್ಧಿಯವರಿಗೆ ಇದಕ್ಕಿಂತ ಒಳ್ಳೆಯ ಕಸುಬಿಲ್ಲ. ಪರರ ಮನೆಯ ವಿಷಯ ಕೇಳಿದರೆ ಬೈಸಿಕೊಳ್ಳಬೇಕು, ನಾನು ಕೇಳಿದರೆ ಚಹಾ ಕೊಟ್ಟು ಹೇಳುತ್ತಾರೆ.

ಮೊದಲ ದಿನ ಪಟ್ಟಿ ಚಿಕ್ಕದಿತ್ತು. ಲೈಟು, ಫ್ಯಾನು, ಫ್ರಿಜ್ಜು, ಒಂದು ಗೀಸರ್, ಮಲಗುವ ಕೋಣೆಗೆ ಒಂದು ಎಸಿ. ಐದು ಕಿಲೋವ್ಯಾಟಿನೊಳಗೆ ಮುಗಿಯಿತು. ಸಿಂಗಲ್ ಫೇಸ್ ಸಾಕು, ಒಂದು ವಾರದ ಕೆಲಸ. ನಾನು ಪೆನ್ನಿಗೆ ಕ್ಯಾಪ್ ಹಾಕಿದೆ.

ಅವನು ಪೆನ್ನನ್ನು ನೋಡಿದ, ನನ್ನನ್ನು ನೋಡಿದ. “ಅಲ್ಲಾ... ಮೇಲಿನ ರೂಮಿಗೆ ಇನ್ನೊಂದು ಎಸಿ ಬೇಕಾಗ್ಬಹುದು.”

ಪೆನ್ನಿನ ಕ್ಯಾಪ್ ತೆಗೆದೆ. ಮೇಲಿನ ಕೋಣೆ ಅಳೆಯಲು ಮರುದಿನ ಹೋಗಬೇಕಾಯಿತು.

ಮರುದಿನ ಪಟ್ಟಿಗೆ ಓವನ್ ಬಂತು. “ಬ್ರೆಡ್ ಬೇಕ್ ಮಾಡ್ಬೇಕು ಅಂತಿದೀನಿ,” ಎಂದ. ಅಡುಗೆಮನೆಯಲ್ಲಿ ಒಂದು ಬಾಣಲೆ, ಒಂದು ಚಾಕು ಮತ್ತು ಅವಲಕ್ಕಿಯ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಊಟ ಪಕ್ಕದ ಮನೆಯ ಮರಾಠಿ ಹೆಂಗಸು, ಗಲ್ಲಿಗೆಲ್ಲ ಕಾಕೂ, ಕೊಡುತ್ತಿದ್ದ ಡಬ್ಬಿಯದು. ಹಿಟ್ಟು ನಾದಲು ಬರುತ್ತದೆಯೇ ಎಂದು ಕೇಳಿದೆ.

“ಕಲೀಬಹುದಲ್ವಾ?”

ಬರೆದುಕೊಂಡೆ. ಓವನ್ನಿಗೆ ಎರಡೂವರೆ ಕಿಲೋವ್ಯಾಟ್, ಬೇರೆ ವೈರು, ಬೇರೆ ಎಂಸಿಬಿ. ಮೂರನೆಯ ದಿನ ಟ್ರೆಡ್‌ಮಿಲ್. ಎರಡು ಮೈಲಿ ದೂರದ ಮಾರ್ಕೆಟ್ಟಿಗೆ ದಿನವೂ ನಡೆದು ಹೋಗುವವನಿಗೆ ಟ್ರೆಡ್‌ಮಿಲ್ ಯಾಕೆ? ಬಿಡಿ, ಅದನ್ನೂ ಬರೆದುಕೊಂಡೆ. ಐದನೆಯ ದಿನ ನಾನು ಕೈ ತೊಳೆದು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ.

“ಎಲೆಕ್ಟ್ರಿಕ್ ಕಾರ್!” ಎಂದ ಒಮ್ಮೆಲೇ, ಯಾರೋ ಬೆನ್ನಿಗೆ ಚುಚ್ಚಿದವರ ಹಾಗೆ.

“ಕಾರ್ ಅದ ಏನ್ರಿ?”

“ಇಲ್ಲ. ತಗೋಬಹುದು. ಚಾರ್ಜಿಂಗ್ ಪಾಯಿಂಟ್ ಇರ್ಲಿ, ಫ್ಯೂಚರ್‌ಗೆ.”

ಆ ಗಲ್ಲಿಯಲ್ಲಿ ರಿಕ್ಷಾ ತಿರುಗಿಸಲೂ ಜಾಗವಿಲ್ಲ. ಇಂಥದ್ದನ್ನು ಕೇಳಿದರೆ ಯಾವ ಇಲೆಕ್ಟ್ರಿಷಿಯನ್ ಆದರೂ ನಕ್ಕು ಬಿಡುತ್ತಾನೆ. ನಾನು ನಗಲಿಲ್ಲ. ಚೀಲ ಕೆಳಗಿಟ್ಟು, ಟೇಪ್ ಹಿಡಿದು ಗೇಟಿನವರೆಗೆ ಅಳೆಯಲು ಹೋದೆ.

ಅವನು ಟಾರ್ಚ್ ಹಿಡಿದು ಹಿಂದೆ ಬರುತ್ತಿದ್ದ. ಕಿಟಕಿ ಇಲ್ಲದ ಮೂಲೆಗಳಲ್ಲಿ ನನಗೆ ಗೋಡೆ ಕಾಣಬೇಕಿತ್ತು. ಬೆಳಕು ಗೋಡೆಯಿಂದ ನಿಧಾನವಾಗಿ ಜಾರಿ ನನ್ನ ಕೈಗೆ, ಕೈಯಿಂದ ಜಡೆಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲಿಗೆ ಬರುತ್ತಿತ್ತು.

“ಗೋಡೀಗೆ ಹಿಡೀರಿ. ನನ್ನ ಮಾರಿಗಲ್ಲ.”

“ಸಾರಿ. ಕೈ ಜಾರ್ತು.”

ದಿನಕ್ಕೆ ನಾಲ್ಕು ಸಲವಾದರೂ ಅವನ ಕೈ ಜಾರುತ್ತಿತ್ತು. ನಾನು ಬೈಯುವಾಗ ಅವನ ಕಡೆ ತಿರುಗುತ್ತಿರಲಿಲ್ಲ. ತಿರುಗಿದರೆ ನಗು ಬರುತ್ತಿತ್ತು.

ಹುಬ್ಬಿನ ಗೆರೆಯ ಕಥೆಯೂ ತಿಳಿಯಿತು. ಏಳನೇ ಕ್ಲಾಸಿನಲ್ಲಿ ರೇಡಿಯೊ ಒಳಗೆ ಯಾರು ಮಾತಾಡುತ್ತಾರೆಂದು ನೋಡಲು ಬಿಚ್ಚಿ, ಸ್ಪ್ರಿಂಗ್ ಹಾರಿ ಹೊಡೆದದ್ದಂತೆ. “ಏಳನೇ ಕ್ಲಾಸಿಗೆ ಅಷ್ಟೂ ಗೊತ್ತಿರಲಿಲ್ಲೇನ್ರಿ?” ಎಂದರೆ, “ಗೊತ್ತಿತ್ತು, ಆದ್ರೂ ಡೌಟು,” ಎಂದ. ನನ್ನಂಥವನೇ ಇನ್ನೊಬ್ಬ ಸಿಕ್ಕನಲ್ಲ ಎಂದು ಖುಷಿಯಾಯಿತು.

ನಮ್ಮ ವೈರ್‌ಮನ್ ಮಲಕಪ್ಪಣ್ಣನಿಗೆ ಐವತ್ತು ದಾಟಿದೆ. ಇಂಡಿ ಕಡೆಯವನು, ಗೋಡೆ ಕೊರೆಯುವುದರಲ್ಲಿ ಅವನಂಥವರಿಲ್ಲ. ಒಂದು ವಾರ ಉಳಿ ಸುತ್ತಿಗೆ ಹಿಡಿದುಕೊಂಡು ಸುಮ್ಮನೆ ಕೂತಿದ್ದವನ ತಾಳ್ಮೆ ಕೆಟ್ಟಿತು.

“ಅಳದ ಗ್ವಾಡಿ ಎಷ್ಟ ಸಲ ಅಳೀತೀಯವ್ವಾ? ಗ್ವಾಡಿ ಏನ ಬೆಳೀತೈತೇನ?”

“ಲೋಡ್ ಬದಲಾಗ್ಯಾದ ಮಲಕಪ್ಪಣ್ಣಾ.”

“ಹೌದವ್ವಾ, ಹೌದು. ಲೋಡ್ ಬದಲಾಗಿದ್ದು ನನಗೂ ಕಾಣಾಕತ್ತೈತಿ,” ಎಂದು ಬೀಡಿ ಹಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನಾನು ಸುಮ್ಮಸುಮ್ಮನೆ ಅವನ ಮೇಲೆ ರೇಗಿದೆ.

ಆದರೆ ನನ್ನ ತಲೆಯೊಳಗೆ ಹುಳ ಹೊಕ್ಕಿತ್ತು. ಒಬ್ಬನೇ ಇರುವವನಿಗೆ ಇದೆಲ್ಲ ಯಾಕೆ? ಮರುದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಮನೀಗೆ ಯಾರರ ಬರೋರದಾರೇನ್ರಿ?”

ಅವನು ಟಾರ್ಚ್ ಆರಿಸಿದ. “ಬಂದ್ರೆ ಚೆನ್ನಾಗಿರುತ್ತೆ.”

“ಯಾರು?”

“ಇನ್ನೂ ಅವರನ್ನ ಕೇಳಿಲ್ಲ.”

ಹೌದೇ, ಸರಿ ಎಂದು ತಲೆಯಾಡಿಸಿದೆ. ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಯಾವಳೋ ಇದ್ದಾಳೆ. ಬಿಸಿ ಬ್ರೆಡ್ಡು ಅವಳಿಗೆ, ಟ್ರೆಡ್‌ಮಿಲ್ ಅವಳಿಗೆ, ಎಲೆಕ್ಟ್ರಿಕ್ ಕಾರಿನಲ್ಲಿ ಓಡಾಡುವವಳೂ ಅವಳೇ. ಆ ಕಾಣದ ಹೆಣ್ಣಿಗೆ ನಾನು ನನ್ನ ಕೈಯಾರೆ ಹದಿನಾರು ಆಂಪಿಯರ್ ಪಾಯಿಂಟ್ ಬರೆದುಕೊಟ್ಟಿದ್ದೆ.

ಶನಿವಾರ ಸಂಜೆ ಅಪ್ಪ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು. ಸೋಮವಾರ ಅದು ನನ್ನ ಸಹಿಯೊಂದಿಗೆ ವಿದ್ಯುತ್ ಕಚೇರಿಗೆ ಹೋಗಬೇಕಿತ್ತು.

“ಎಷ್ಟು ಮಂದಿ ಇರ್ತಾರ ಆ ಮನ್ಯಾಗ?”

“ಸದ್ಯಕ್ಕ ಒಬ್ಬರ.”

“ಒಬ್ಬರಿಗೆ ಹದಿನಾಲ್ಕು ಕಿಲೋವ್ಯಾಟ? ತ್ರೀ ಫೇಸ? ಏನು, ಹಿಟ್ಟಿನ ಗಿರಣಿ ಹಾಕ್ತಾನೇನು?”

ನಾನು ಜಡೆಯಿಂದ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದೆ.

“ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು ಅಂತ ಮಾಲಕಗ ಹೇಳೋರು ನಾವ ಇಂದೂ. ತ್ರೀ ಫೇಸ್ ಅಂದ್ರ ಬೀದಿ ಕೇಬಲ್ ನೋಡಬೇಕು, ಹೊಸಾ ಮೀಟರ್ ಬರಬೇಕು. ತಿಂಗಳ ಮ್ಯಾಲ ಆಗ್ತದ. ಮಳಿ ಹತ್ತು ದಿನದಾಗ ಹಿಡೀತದ. ಹಸಿ ಗೋಡಿ, ಕತ್ತಲಿ ಮನಿ. ಅಲ್ಲೀತನಾ ಅಂವ ಏನು ಮಾಡಬೇಕು?” ಪಟ್ಟಿಯನ್ನು ಮಡಚಿ ನನ್ನ ಮುಂದಿಟ್ಟರು. “ನಾ ತಿದ್ದೂದಿಲ್ಲ. ಸಹಿ ನಿಂದು.”

ಅಪ್ಪ ಬೈದಿದ್ದರೆ ಜಗಳವಾಡಬಹುದಿತ್ತು. ಬೈಯಲಿಲ್ಲ. ಹತ್ತು ವರ್ಷದಲ್ಲಿ ನಾನು ಯಾರ ಮನೆಗೂ ಒಂದು ಪಾಯಿಂಟ್ ಹೆಚ್ಚಿಗೆ ಹಾಕಿದವಳಲ್ಲ. ಈಗ, ನನ್ನ ಹೆಸರಿನ ಮೊದಲ ಮನೆಯಲ್ಲಿ, ಸುಳ್ಳೆಂದು ಗೊತ್ತಿದ್ದೂ ಪಟ್ಟಿ ಬರೆದಿದ್ದೆ. ಬರೆಯುವುದು ಮುಗಿದರೆ ಆ ಮನೆಗೆ ಹೋಗುವ ನೆವ ಮುಗಿಯುತ್ತದೆಂಬ ಒಂದೇ ಕಾರಣಕ್ಕೆ. ಅವನು ಸೆಖೆಯಲ್ಲಿ, ಕತ್ತಲಲ್ಲಿ, ಪಕ್ಕದ ಮನೆಯಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಹನ್ನೆರಡು ದಿನ ಕಳೆದಿದ್ದ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಭಾನುವಾರ ಮಲಕಪ್ಪಣ್ಣ ದೇವರ ದರ್ಶನಕ್ಕೆ ಜೇಜುರಿಗೆ ಹೋಗಿದ್ದ. ಬೆಳಿಗ್ಗೆ ಒಬ್ಬಳೇ ಹೋದೆ, ಚೀಲ ಒಯ್ಯಲಿಲ್ಲ. ಅವನು ಅಂಗಳದಲ್ಲಿ ಗುಲ್‌ಮೊಹರ್ ಕೊಂಬೆಯನ್ನು ಗರಗಸದಿಂದ ತುಂಡು ಮಾಡುತ್ತಿದ್ದ. ನನ್ನನ್ನು ಕಂಡು ಹಿಗ್ಗಿದ.

“ಇವತ್ತು ಸಂಡೇ ಅಲ್ವಾ? ಬನ್ನಿ ಬನ್ನಿ. ನಾನೂ ಯೋಚನೆ ಮಾಡ್ತಿದ್ದೆ, ಒಂದು ಡಿಶ್‌ವಾಶರ್...”

“ಈ ಪಟ್ಟಿ ಸುಳ್ಳದ,” ಎಂದು ಕಾಗದ ಮುಂದೆ ಹಿಡಿದೆ.

ಗರಗಸ ಅಲ್ಲೇ ನಿಂತಿತು. ಹುಬ್ಬಿನ ಗೆರೆ ಬಿಳಿಯಾಯಿತು. “ಗೊತ್ತಾಗೋಯ್ತಾ?”

“ನಿಮ್ಮದಲ್ರಿ, ನಂದು ಹೇಳಾಕತ್ತೀನಿ. ನಿಮಗ ಐದು ಕಿಲೋವ್ಯಾಟ್ ಸಾಕು. ಮೊದಲ ದಿನಾನ ನನಗ ಗೊತ್ತಿತ್ತು. ನೀವು ಬೇಕು ಅಂದಿದ್ದಕ್ಕೆಲ್ಲ ಬ್ಯಾಡ ಅನ್ನಬೇಕಾದಾಕಿ ನಾನು. ಅನ್ನಲಿಲ್ಲ. ಯಾಕಂದ್ರ...” ಕಾಗದವನ್ನು ನಾಲ್ಕು ಮಡಿಕೆ ಮಾಡಿದೆ. “ಯಾಕಂದ್ರ ಇಲ್ಲಿ ಬರೂದು ನನಗ ಸೇರ್ತಿತ್ತು. ನಿಮ್ಮ ಮನೀಗೆ ಬರೋಕಿ ಯಾರೋ ಇದ್ದಾಳ. ಆಕಿ ಬರೂದ್ರಾಗ ಈ ಮನ್ಯಾಗ ದೀಪ ಹತ್ತಬೇಕು. ಈ ಕೆಲಸಕ್ಕ ಸಹಿ ಮಾಡೋ ಯೋಗ್ಯತಾ ನನಗಿಲ್ಲ. ನಾಳಿಂದ ಅಪ್ಪ ನೋಡ್ಕೋತಾರ.”

ಒಂದೇ ಉಸಿರಿಗೆ ಹೇಳಿ ತಿರುಗಿದೆ.

“ಇಂದೂ, ಒಂದ್ನಿಮಿಷ! ನನಗೆ ಡ್ರೈವಿಂಗೇ ಬರಲ್ಲ.”

ನಿಂತೆ.

“ಡ್ರೈವಿಂಗ್ ಬರಲ್ಲ ಕಣ್ರೀ. ಲೈಸೆನ್ಸೇ ಇಲ್ಲ. ಬ್ರೆಡ್ ಅಂದ್ರೆ ನನಗೆ ಆಗಲ್ಲ. ನಾನೊಂದು ಐಟಂ ಹೇಳಿದ್ರೆ ನೀವು ಇನ್ನೊಂದು ದಿನ ಬರ್ತಿದ್ರಿ. ಸುಳ್ಳು ಹೇಳಿದ್ದು ನಾನು, ನೀವಲ್ಲ.”

“ಮತ್ತ... ಇನ್ನೂ ಕೇಳಿಲ್ಲ ಅಂದ್ರಿ. ಯಾರನ್ನ?”

“ಅದೇ ಆ ಬೋರ್ಡ್ ಮುಟ್ಟಿ ಶಾಕ್ ಹೊಡೆಸ್ಕೋತಾಳೆ ಅಂತ ಅಮ್ಮನಿಗೆ ಹೇಳಿದ್ನಲ್ಲ. ಅವರನ್ನ.”

ಅಯ್ಯೋ ನನ್ನ ದೇವರೇ! ಪಕ್ಕದ ಮನೆಯ ಕಾಕೂ ಕಿಟಕಿಯಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದರು. ಅವರಿಗೆ ಕನ್ನಡ ಬಾರದು, ಆದರೂ ಅಕ್ಕಿ ಆರಿಸುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜಡೆಯಿಂದ ಪೆನ್ಸಿಲ್ ಎಳೆದು ಅವನ ಕೈಗೆ ಕೊಟ್ಟೆ.

“ಹೊಡೀರಿ ಕಾಟು. ನಿಮ್ಮ ಕೈಲೆನ.”

ಅಂಗಳದ ಕಟ್ಟೆಯ ಮೇಲೆ ಪಟ್ಟಿ ಹರಡಿಕೊಂಡು ಅವನು ಒಂದೊಂದೇ ಸಾಲನ್ನು ಹೊಡೆದುಹಾಕಿದ. ಕಾರಿಗೆ ಬಂದಾಗ, “ಅವತ್ತು ನೀವು ಕೈ ತೊಳೆದ್ಬಿಟ್ಟಿದ್ರಿ. ಏನೂ ಹೊಳೀಲಿಲ್ಲ, ಬಾಯಿಗೆ ಬಂದಿದ್ದು ಹೇಳ್ದೆ,” ಎಂದ. ಟ್ರೆಡ್‌ಮಿಲ್ಲಿಗೆ ಬಂದಾಗ, ಆ ದಿನ ನಾನು ನೀಲಿ ಓಢಣಿ ಹಾಕಿದ್ದೆನೆಂದ. ನನಗೇ ನೆನಪಿರಲಿಲ್ಲ. ಮೇಲಿನ ಕೋಣೆಯ ಎಸಿಗೆ ಬಂದಾಗ ಉದ್ದನೆಯ ಗೆರೆ ಎಳೆದ. ಕೊನೆಗೆ ಐದು ಕಿಲೋವ್ಯಾಟ್ ಉಳಿಯಿತು.

“ನಾನು ಕೇಳಿದ್ದಕ್ಕೆ ಆನ್ಸರ್?” ಎಂದ ಮೆಲ್ಲಗೆ.

ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. “ಈ ಕೆಲಸ ನನ್ನ ಕೈಯಾಗ ಇರೋತನಕ ಹೂಂ ಅನ್ನೂದಿಲ್ಲ, ಉಹೂಂ ಅನ್ನೂದಿಲ್ಲ. ಒಂದು ಸಲ ಮನಸ್ಸಿನ ಮಾತು ಕೇಳಿ ಪಟ್ಟಿ ಕೆಡಿಸೀನಿ. ಮೊದಲು ದೀಪ ಹತ್ತಲಿ. ಸಹಿ ಹಾಕಿ ನಾ ಈ ಕೆಲಸದಿಂದ ಮೋಕಳಾ ಆಗ್ತೀನಿ. ಆಮ್ಯಾಲ ಹೇಳ್ತೀನಿ.”

“ಉತ್ತರ ಉಹೂಂ ಆದ್ರೆ?”

“ಆದ್ರೂ ದೀಪ ಹತ್ತತಾವ್ರಿ.”

ಕೆಲಸವನ್ನು ಅಪ್ಪನಿಗೆ ಬಿಡಲಿಲ್ಲ; ಸೋಮವಾರ ಐದು ಕಿಲೋವ್ಯಾಟಿನ ಪಟ್ಟಿಗೆ ಸಹಿ ಹಾಕಿ ನಾನೇ ಕಚೇರಿಗೆ ಕೊಟ್ಟೆ. ಆ ವಾರ ನಾನು ಕೆಲಸ ಮಾಡಿದ ಹಾಗೆ ಹತ್ತು ವರ್ಷದಲ್ಲಿ ಮಾಡಿರಲಿಲ್ಲ. ಮಲಕಪ್ಪಣ್ಣ ಹಣೆಗೆ ಜೇಜುರಿಯ ಭಂಡಾರದ ಅರಿಶಿನ ಹಚ್ಚಿಕೊಂಡು ಎರಡು ದಿನದಲ್ಲಿ ಗೋಡೆಗಳನ್ನೆಲ್ಲ ಕೊರೆದ. ಹಳೆಯ ಅಲ್ಯುಮಿನಿಯಂ ವೈರನ್ನು ಪೂರ್ತಿ ಕಿತ್ತು ತಾಮ್ರದ್ದು ಎಳೆದೆವು. ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಇಳಿಸಿದೆವು. ಮರದ ಬೋರ್ಡ್ ಹೋಗಿ ಕಬ್ಬಿಣದ ಹೊಸ ಪೆಟ್ಟಿಗೆ ಬಂತು, ಸೋರಿಕೆಯಾದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ತೆಗೆಯುವ ಸ್ವಿಚ್ಚಿನ ಸಮೇತ.

ಅಭಿಲಾಷ ಟಾರ್ಚ್ ಹಿಡಿಯುತ್ತಿದ್ದ. ಈಗ ಅವನ ಕೈ ಒಂದು ಸಲವೂ ಜಾರಲಿಲ್ಲ. ಬೆಳಕು ಗೋಡೆಗೆ ಅಂಟಿಕೊಂಡೇ ಇರುತ್ತಿತ್ತು. ಜಾರಬಾರದೇ ಎಂದು ನಾನೇ ತಿರುಗಿ ತಿರುಗಿ ನೋಡುತ್ತಿದ್ದೆ, ಅವನು ತುಟಿ ಕಚ್ಚಿಕೊಂಡು ಗೋಡೆಯನ್ನೇ ನೋಡುತ್ತಿದ್ದ. ಎಂಥ ಹಟ!

ಶನಿವಾರ ಕಚೇರಿಯವರು ಬಂದು ಮೀಟರ್ ಕೂಡಿಸಿದರು. ಅಪ್ಪ ಕೋಲು ಊರಿಕೊಂಡು ಬಂದರು. ನೆಟ್ಟಗೆ ಪೆಟ್ಟಿಗೆಯ ಮುಂದೆ ಹೋಗಿ ನಿಂತು ಒಂದೊಂದು ವೈರಿನ ಬಿಗಿಯನ್ನೂ ಕಣ್ಣಿನಿಂದಲೇ ನೋಡಿದರು. ಮೇನ್ ಹಾಕಿದೆ. ಮನೆ ಪೂರ್ತಿ ಬೆಳಗಿತು. ಅಪ್ಪ ಆ ಸೋರಿಕೆ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತಿದರು. ಟಕ್ಕೆಂದು ಎಲ್ಲ ಆರಿತು. ಮತ್ತೆ ಹಾಕಿದರು, ಎಲ್ಲ ಹತ್ತಿತು.

ನಾನು ಪರೀಕ್ಷಾ ವರದಿಯ ಕೆಳಗೆ ಸಹಿ ಹಾಕಿದೆ. ಅಪ್ಪ ಕಾಗದವನ್ನು ದೂರ ಹಿಡಿದು ಓದಿದರು.

“ಅಕ್ಷರ ಭಾಳ ಸಣ್ಣ ಆಗ್ಯಾವ. ಅಂಗಡಿ ಬೋರ್ಡ್ ಮ್ಯಾಲ ದೊಡ್ಡೂ ಬರಸೋಣು.”

ನನ್ನ ಕಣ್ಣು ತುಂಬಿ ಬಂತು. ಅಪ್ಪ ನೋಡಿಯೂ ನೋಡದವರಂತೆ ಅಭಿಲಾಷನ ಕಡೆ ತಿರುಗಿ, “ಬರ್ತೀನ್ರಿ. ಮಲಕಪ್ಪಾ, ರಿಕ್ಷಾ ಕರಿ,” ಎಂದರು. ಹೊಸ್ತಿಲು ದಾಟುವಾಗ ನನಗೆ ಹೇಳಿದರು: “ನೀ ಸಾವಕಾಶ ಬಾ. ಅವಸರ ಏನಿಲ್ಲ.”

ರಿಕ್ಷಾದ ಸದ್ದು ಗಲ್ಲಿ ದಾಟಿತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ನಡುವೆ ನಿಂತಿದ್ದೆ. ಅಳೆಯಲು ಏನೂ ಉಳಿದಿರಲಿಲ್ಲ.

“ಕೆಲಸ ಮುಗೀತಾ?” ಎಂದು ಕೇಳಿದ ಅಭಿಲಾಷ.

“ಮುಗೀತ್ರಿ.”

“ಹಾಗಾದ್ರೆ ಕೂತ್ಕೊಳ್ಳಿ.”

ಕುರ್ಚಿ ಎಳೆದು ಫ್ಯಾನಿನ ಕೆಳಗೆ ಇಟ್ಟ. ಆಗ ನನಗೆ ಹೊಳೆಯಿತು: ಹತ್ತು ವರ್ಷದಲ್ಲಿ ನೂರಾರು ಮನೆಗಳಿಗೆ ಹೋಗಿದ್ದೇನೆ, ಏಣಿಯ ಮೇಲೆ ನಿಂತಿದ್ದೇನೆ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದೇನೆ, ಚಹಾ ಕೊಟ್ಟರೆ ಬಾಗಿಲ ಹತ್ತಿರ ನಿಂತೇ ಕುಡಿದಿದ್ದೇನೆ. ಯಾರ ಮನೆಯ ಕುರ್ಚಿಯ ಮೇಲೂ ಕೂತಿರಲಿಲ್ಲ. ಯಾರೂ ಕೂರು ಎಂದಿರಲಿಲ್ಲ, ನನಗೂ ಹಾಗೆ ಅನಿಸಿರಲಿಲ್ಲ.

ಚೀಲ ಕೆಳಗಿಟ್ಟೆ. ಪ್ಯಾಂಟಿನ ಸಿಮೆಂಟ್ ಧೂಳು ಕೊಡವಿಕೊಂಡೆ. ಕೂತೆ.

ಅವನು ಎದುರಿಗೆ ನೆಲದ ಮೇಲೆ ಕೂತ, ಮೊಣಕಾಲು ತಬ್ಬಿಕೊಂಡು. ಒಂದು ವಾರ ಗೋಡೆಗೆ ಅಂಟಿಕೊಂಡಿದ್ದ ಕಣ್ಣುಗಳು ಈಗ ನನ್ನ ಮೇಲಿಂದ ಕದಲಲಿಲ್ಲ.

“ಅಭಿಲಾಷ,” ಎಂದೆ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನೀವಂದ್ರ ನನಗ ಭಾಳ ಸೇರ್ತದ. ಈ ಮನೀಗೆ ನಾ ಬರ್ತೀನಿ. ಕೆಲಸ ಇಲ್ದನ.”

ಅವನು ಕಿವಿ ಮುಂದೆ ತಂದ. “ಫ್ಯಾನ್ ಸೌಂಡಲ್ಲಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?”

ಸುಳ್ಳ. ಮುಂಜಾನೆ ನಾನೇ ಹಾಕಿದ ಹೊಸ ಫ್ಯಾನು ಅದು, ಒಂದಿಷ್ಟೂ ಸದ್ದಿಲ್ಲ. ಆದರೂ ಮತ್ತೊಮ್ಮೆ ಹೇಳಿದೆ.